ಉಸಿರಿನ ಯಂತ್ರವೂ ಬಂಧುಗಳ ಕರ್ತವ್ಯವೂ



ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯ ಹಿರಿಯರಿಗೆ ಮರಣವು ಸಮೀಪಿಸಿದಾಗ ಬಂಧುಗಳು ಮಾಡತಕ್ಕದ್ದೇನೆಂಬ ವಿಷಯದಲ್ಲಿ ಹೆಚ್ಚು ಸಂದೇಹವಿರಲಿಲ್ಲ. ತುಟಿಗೆ ನೀರು ಮುಟ್ಟಿಸುವರು, ಹಾಸಿಗೆಯನ್ನು ಶುಚಿಮಾಡುವರು, ದೂರದ ಮಕ್ಕಳಿಗೆ ಹೇಳಿಕಳುಹಿಸುವರು, ಪ್ರಾರ್ಥಿಸುತ್ತಾ ಕಾದುಕೊಂಡಿರುವರು. ಸಾಯುವ ಗಳಿಗೆಯನ್ನು ಗೊತ್ತುಮಾಡುವ ಭಾರವು ಯಾರ ಹೆಗಲ ಮೇಲೂ ಬೀಳುತ್ತಿರಲಿಲ್ಲ. ಈಗಲಾದರೋ ಪಟ್ಟಣದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವ ರೈತನ ಬಳಿಗೆ ವೈದ್ಯರು ಬಂದು, ನಿಮ್ಮ ತಂದೆಯವರಿಗೆ ಉಸಿರಾಡಲು ಶಕ್ತಿ ಸಾಲದು, ವೆಂಟಿಲೇಟರ್ ಎಂಬ ಯಂತ್ರಕ್ಕೆ ಹಾಕಬೇಕು, ಈ ಕಾಗದಕ್ಕೆ ರುಜು ಮಾಡಿರಿ ಅನ್ನುತ್ತಾರೆ. ಹತ್ತು ದಿನ ಕಳೆದ ಮೇಲೆ ಅದೇ ವೈದ್ಯರು, ಇನ್ನು ಆಶೆಯಿಲ್ಲ, ಮುಂದೇನು ಮಾಡೋಣ ನೀವೇ ಹೇಳಿರಿ ಅನ್ನುತ್ತಾರೆ. ಮುಂದುವರಿಸಿರೆಂದರೆ ಇದ್ದ ಎರಡೆಕರೆ ಹೊಲವು ಒತ್ತೆಗೆ ಹೋಗುವದು. ನಿಲ್ಲಿಸಿರೆಂದರೆ ಹೆತ್ತ ತಂದೆಯನ್ನು ಕೊಂದವನೆಂಬ ಮಾತು ಊರಲ್ಲಿ ಹುಟ್ಟುವದು. ಊರು ಸುಮ್ಮನಿದ್ದರೂ ಅವನ ಮನಸ್ಸಾಕ್ಷಿಯೇ ಅದನ್ನು ಹೇಳುವದು.

ಆ ಯಂತ್ರವನ್ನು ನಿಲ್ಲಿಸುವದು ನಿಜವಾಗಿ ಕೊಲೆಯೋ? ಈ ಪ್ರಶ್ನೆಯನ್ನು ನಾವು ವಿಚಾರಿಸಬೇಕಾಗಿದೆ. ಇದು ವೈದ್ಯರಿಗೂ ನ್ಯಾಯಾಧಿಪತಿಗಳಿಗೂ ಸೇರಿದ ವಿಷಯ, ನಮಗೇಕೆ ಎಂದು ಯಾರೂ ಹೇಳಬಾರದು. ರುಜು ಮಾಡುವ ಕೈ ನಮ್ಮದೇ.

ಮೊದಲು ಈ ಯಂತ್ರವು ಯಾವ ಉದ್ದೇಶದಿಂದ ಹುಟ್ಟಿತೆಂಬದನ್ನು ತಿಳಿಯುವದು ಒಳ್ಳೇದು. ೧೯೫೨ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ರೋಗವು ಘೋರವಾಗಿ ಹಬ್ಬಿತು. ಮಕ್ಕಳ ಎದೆಯ ಸ್ನಾಯುಗಳು ಬಲಗುಂದಿ, ಉಸಿರು ಕಟ್ಟಿ ಸಾಯುತ್ತಿದ್ದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯರು ರೋಗಿಯ ಗಂಟಲಲ್ಲಿ ರಂಧ್ರ ಮಾಡಿ, ಅದಕ್ಕೆ ಕೊಳವೆಯನ್ನು ಸೇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯನ್ನು ಒಳಗೆ ತಳ್ಳುವ ಉಪಾಯವನ್ನು ತೋರಿಸಿದರು. ಚೀಲವನ್ನು ಹಿಸುಕುವದಕ್ಕೆ ಯಂತ್ರವಿರಲಿಲ್ಲ. ಆದದರಿಂದ ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲೂ ಇರುಳೂ, ವಾರಗಟ್ಟಲೆ ಮಕ್ಕಳ ತಲೆಯ ಬಳಿಯಲ್ಲಿ ಕುಳಿತು ಅವರ ಉಸಿರನ್ನು ತಮ್ಮ ಕೈಗಳಿಂದ ನಡಿಸಿದರು. ಹೀಗೆ ಕೆಲಸ ಮಾಡಿದವರು ಸುಮಾರು ೧೫೦೦ ಮಂದಿ. ಸಾಯಬೇಕಾಗಿದ್ದ ಅನೇಕ ಮಕ್ಕಳು ಬದುಕಿ, ತಮ್ಮ ಸ್ವಂತ ಉಸಿರನ್ನು ತಿರಿಗಿ ಪಡೆದು ಮನೆಗೆ ಹೋದರು. ಈಗಿನ ಯಂತ್ರವು ಆ ವಿದ್ಯಾರ್ಥಿಗಳ ಕೈಗಳಿಗೆ ಬದಲಾಗಿ ಬಂದದ್ದು. ಹೀಗಿರಲಾಗಿ ಇದನ್ನು ತುಂಬಿದ ಹೊಳೆಯನ್ನು ದಾಟಿಸುವ ದೋಣಿಗೆ ಹೋಲಿಸಬಹುದು. ಆಚೆ ದಡವಿರುವವನಿಗೆ ದೋಣಿಯಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ. ಹಾವು ಕಚ್ಚಿದವನೂ, ಕೀಟನಾಶಕ ಕುಡಿದವನೂ, ನ್ಯುಮೋನಿಯಾದಿಂದ ನರಳುವ ಯೌವನಸ್ಥನೂ ಇದರಲ್ಲಿ ಕೂತು ದಾಟಿ ಬರುವದುಂಟು. ಆದಕಾರಣ ಯಂತ್ರವೆಂದ ಕೂಡಲೆ ಬೇಡವೆನ್ನುವವರು ದೊಡ್ಡ ತಪ್ಪು ಮಾಡುತ್ತಾರೆ. ವೆಂಟಿಲೇಟರಿಗೆ ಹಾಕಿದರೆ ಮುಗಿಯಿತು, ಯಾರೂ ಹಿಂದಿರುಗುವದಿಲ್ಲವೆಂದು ಹಳ್ಳಿಗಳಲ್ಲಿ ಹೇಳುವ ಮಾತು ಸುಳ್ಳು.

ಆದರೆ ಆಚೆ ದಡವೇ ಇಲ್ಲದವನ ಸಂಗತಿ ಏನು? ಅವನನ್ನು ನಡುನೀರಿನಲ್ಲಿ ದೋಣಿಯೊಳಗೆ ಎಷ್ಟು ದಿವಸ ಇಡಬೇಕು?

ಈ ಪ್ರಶ್ನೆಯು ಅಮೇರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ ಒಂದು ಕುಟುಂಬದ ಮುಂದೆ ಬಂತು. ೧೯೭೫ರ ಏಪ್ರಿಲಿನಲ್ಲಿ ಕ್ಯಾರನ್ ಕ್ವಿನ್ಲನ್ ಎಂಬ ೨೧ ವರುಷದ ಹುಡುಗಿ ಪ್ರಜ್ಞೆತಪ್ಪಿ ಬಿದ್ದು, ಮಿದುಳಿಗೆ ತೀರದ ಕೇಡು ತಟ್ಟಿ, ಯಂತ್ರದ ಉಸಿರಿನಿಂದ ಬದುಕಿದ್ದಳು. ಅವಳ ತಂದೆತಾಯಿಗಳು ಭಕ್ತಿವಂತರಾದ ರೋಮನ್ ಕಥೋಲಿಕರು. ತಿಂಗಳುಗಳು ಕಳೆದ ಮೇಲೆ ಅವರು ತಮ್ಮ ಸಭೆಯ ಪಾದ್ರಿಯ ಸಂಗಡ ಆಲೋಚಿಸಿ, ಯಂತ್ರವನ್ನು ತೆಗೆಯಿರೆಂದು ಬೇಡಿದರು. ಪೋಪರಾದ ಹನ್ನೆರಡನೆಯ ಪಿಯುಸರು ೧೯೫೭ರಲ್ಲಿಯೇ ವೈದ್ಯರಿಗೆ ಉತ್ತರ ಕೊಡುತ್ತಾ, ಜೀವವನ್ನು ಕಾಪಾಡಲು ಸಾಧಾರಣ ಉಪಾಯಗಳನ್ನು ಮಾಡುವದು ಎಲ್ಲರ ಕರ್ತವ್ಯವೆಂದೂ, ಮಿತಿಮೀರಿದ ಭಾರವಾಗುವ ಅಸಾಧಾರಣ ಉಪಾಯಗಳಿಗೆ ಯಾರೂ ಬದ್ಧರಲ್ಲವೆಂದೂ ತಿಳಿಸಿದ್ದರು. ನಾವು ಅವರ ಸಭೆಗೆ ಸೇರಿದವರಲ್ಲವಾದಾಗ್ಯೂ ಈ ಭೇದವು ವಿವೇಕವಾದದ್ದೆಂದು ಒಪ್ಪಬೇಕು. ವೈದ್ಯರು ಒಪ್ಪಲಿಲ್ಲ, ವ್ಯಾಜ್ಯವು ಸಂಸ್ಥಾನದ ಉಚ್ಚ ನ್ಯಾಯಸ್ಥಾನಕ್ಕೆ ಹೋಗಿ, ೧೯೭೬ರ ಮಾರ್ಚಿನಲ್ಲಿ ತಂದೆಯ ಪಕ್ಷವಾಗಿ ತೀರ್ಪಾಯಿತು. ಯಂತ್ರವನ್ನು ಮೆಲ್ಲಮೆಲ್ಲನೆ ಬಿಡಿಸಿದರು. ಎಲ್ಲರೂ ಸಾಯುವಳೆಂದು ಕಾದುಕೊಂಡಿದ್ದರೆ, ಕ್ಯಾರನಳು ತಾನಾಗಿ ಉಸಿರಾಡತೊಡಗಿದಳು! ಎಚ್ಚರವು ಮಾತ್ರ ಬರಲೇ ಇಲ್ಲ. ಅವಳ ಹೆತ್ತವರು, ನಾವು ಬೇಡವೆಂದದ್ದು ಯಂತ್ರವನ್ನೇ ಹೊರತು ಮಗಳನ್ನಲ್ಲವೆಂಬಂತೆ, ಕೊಳವೆಯಿಂದ ಕೊಡುವ ಆಹಾರವನ್ನು ನಿಲ್ಲಿಸಗೊಡಲಿಲ್ಲ. ಅವಳು ೧೯೮೫ರ ಜೂನಿನ ವರೆಗೆ ಬದುಕಿದ್ದು ನ್ಯುಮೋನಿಯಾದಿಂದ ತೀರಿಹೋದಳು.

ಈ ವೃತ್ತಾಂತದಲ್ಲಿ ನಮಗೆ ತಿಳಿಯತಕ್ಕದ್ದೊಂದುಂಟು. ಕೊಲ್ಲಬೇಕೆಂದು ಯಂತ್ರ ತೆಗೆದವರಾಗಿದ್ದರೆ, ಅವಳು ಬದುಕಿದಾಗ ಮತ್ತೊಂದು ಉಪಾಯವನ್ನು ಹುಡುಕುತ್ತಿದ್ದರು. ಕೊಲೆಗಾರನ ಗುರುತು ಇದೇ: ಮೊದಲನೆಯ ಪೆಟ್ಟು ತಪ್ಪಿದರೆ ಎರಡನೆಯದನ್ನು ಹೊಡೆಯುವನು. ಬಿಟ್ಟುಕೊಡುವವನಾದರೋ ರೋಗಿಯು ಬದುಕಿದರೆ ಸಂತೋಷಪಟ್ಟು ಗಂಜಿ ಕುಡಿಸುವನು.

ಆದರೆ ಯಾರಾದರೂ ಹೀಗೆ ಆಕ್ಷೇಪಿಸಬಹುದು: ಬಾವಿಯೊಳಗೆ ಹಗ್ಗ ಹಿಡಿದು ತೂಗುತ್ತಿರುವವನ ಹಗ್ಗವನ್ನು ಕೊಯ್ದು, ನಾನು ಕೊಲ್ಲಲಿಲ್ಲ, ಬಾವಿಯ ನೀರೇ ಕೊಂದಿತೆಂದರೆ ಯಾವ ಪಂಚಾಯತಿಯು ಒಪ್ಪೀತು? ಈ ಆಕ್ಷೇಪಣೆಯು ಬಲವಾದದ್ದು, ಇದನ್ನು ಹಾರಿಸಿಬಿಡಬಾರದು. ಹಗ್ಗವು ಅವನನ್ನು ಮೇಲಕ್ಕೆ ತರಬಲ್ಲದ್ದಾಗಿದ್ದರೆ ಕೊಯ್ದವನು ಕೊಲೆಗಾರನೇ. ಗುಣವಾಗುವ ರೋಗಿಯ ಯಂತ್ರವನ್ನು ಆಸ್ತಿಯ ಆಶೆಯಿಂದ ನಿಲ್ಲಿಸಿದ ಬಂಧುವೂ, ಅದಕ್ಕೆ ಕೈಹಾಕಿದ ವೈದ್ಯನೂ ಅಂಥವರೇ. ಹಾಗಾದರೆ ನಿಲ್ಲಿಸುವ ಕ್ರಿಯೆಯೊಂದನ್ನೇ ನೋಡಿ ಪಾಪವೋ ಅಲ್ಲವೋ ಎಂದು ಹೇಳಲಾಗದು. ಆ ಯಂತ್ರವು ಈ ಮನುಷ್ಯನಿಗೆ ಇನ್ನೂ ಏನಾದರೂ ಉಪಕಾರ ಮಾಡುತ್ತದೋ ಎಂಬದನ್ನೂ, ನಿಲ್ಲಿಸುವವನ ಮನಸ್ಸಿನಲ್ಲಿ ಏನಿದೆ ಎಂಬದನ್ನೂ ಕೇಳಬೇಕು. ಹಗ್ಗವು ಮೇಲಕ್ಕೆ ತಾರದೆ, ತೂಗುವವನ ಕೈಗಳನ್ನು ಕೊರೆಯುವದಕ್ಕೆ ಮಾತ್ರ ಉಳಿದಿದ್ದರೆ ಆ ಸಂಗತಿ ಬೇರೆ. ಇನ್ನು ಸೂಜಿಯಿಂದ ವಿಷವನ್ನು ಕೊಟ್ಟು ರೋಗಿಯನ್ನು ಮುಗಿಸುವದು ಇದಕ್ಕೆ ಸೇರಿದ್ದೇ ಅಲ್ಲ. ಕೆಲವು ದೇಶಗಳು ಅದನ್ನು ಕಾನೂನಿನಿಂದ ಒಪ್ಪಿಕೊಂಡಿವೆ. ನಮ್ಮ ದೇಶದಲ್ಲಿ ಅದು ಅಪರಾಧ, ಅಪರಾಧವಾಗಿಯೇ ಇರಲೆಂದು ನಾವೂ ಹೇಳುತ್ತೇವೆ. ಅಲ್ಲಿ ಕೊಲ್ಲುವದು ರೋಗವಲ್ಲ, ಕೈಯೇ.

ನಮ್ಮ ದೇಶದಲ್ಲಿ ಈ ಚರ್ಚೆಯು ಎದ್ದದ್ದು ಕನ್ನಡನಾಡಿನ ಒಬ್ಬ ಹೆಣ್ಣುಮಗಳಿಂದ. ಉತ್ತರಕನ್ನಡ ಜಿಲ್ಲೆಯ ಹೊನ್ನಾವರ ಸೀಮೆಯ ಹಳದೀಪುರದವಳಾದ ಅರುಣಾ ಶಾನಭಾಗಳು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ೧೯೭೩ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸದವನೊಬ್ಬನು ಅವಳ ಕುತ್ತಿಗೆಗೆ ನಾಯಿಯ ಸರಪಣಿಯನ್ನು ಬಿಗಿದು ಅತ್ಯಾಚಾರ ಮಾಡಿದನು. ಮಿದುಳಿಗೆ ರಕ್ತವು ಹೋಗದೆ ಅವಳು ಕಣ್ಣಿದ್ದೂ ಕಾಣದವಳಾಗಿ, ಮಾತಿಲ್ಲದವಳಾಗಿ, ತನ್ನವರ ಗುರುತಿಲ್ಲದವಳಾಗಿ ಹಾಸಿಗೆಯಲ್ಲಿ ಉಳಿದಳು. ಆಗ ಅವಳಿಗೆ ೨೫ ವರುಷ. ತಂದೆತಾಯಿಗಳು ತೀರಿಹೋದರು. ಆಸ್ಪತ್ರೆಯ ದಾದಿಯರು ಅವಳನ್ನು ಬಿಡಲಿಲ್ಲ. ಆಹಾರವನ್ನು ನುಣ್ಣಗೆ ಮಾಡಿ ಉಣಿಸಿದರು, ಮೀಯಿಸಿದರು, ಮಗ್ಗುಲು ಮಗ್ಗುಲಾಗಿ ಹೊರಳಿಸಿದರು. ಹಾಸಿಗೆಯ ಹುಣ್ಣಾಗದಂತೆ ಒಬ್ಬಳನ್ನು ಮೂವತ್ತು ನಾಲ್ವತ್ತು ವರುಷ ನೋಡಿಕೊಳ್ಳುವದು ಎಂಥ ಕಷ್ಟವೆಂಬದು, ಮನೆಯಲ್ಲಿ ಲಕವಾ ಹೊಡೆದ ಹಿರಿಯರಿರುವವರಿಗೆ ಗೊತ್ತು. ಅವಳನ್ನು ಕಂಡು ಅರಿತಿದ್ದ ದಾದಿಯರು ಮುದುಕಿಯರಾಗಿ ಕೆಲಸ ಬಿಟ್ಟರು. ಅವಳು ಬಿದ್ದಾಗ ಇನ್ನೂ ಹುಟ್ಟದೆ ಇದ್ದವರು ಬಂದು ಅದೇ ಸೇವೆಯನ್ನು ಕೈಕೊಂಡರು.

ಅವಳ ವಿಷಯವಾಗಿ ಪುಸ್ತಕ ಬರೆದ ಪಿಂಕಿ ವಿರಾನಿ ಎಂಬ ಲೇಖಕಿಯು ೨೦೦೯ರಲ್ಲಿ ದೇಶದ ಸುಪ್ರೀಮ್ ಕೋರ್ಟಿಗೆ ಅರ್ಜಿ ಮಾಡಿ, ಇದು ಬದುಕಲ್ಲ, ಇವಳಿಗೆ ಉಣಿಸುವದನ್ನು ನಿಲ್ಲಿಸಿ ಶಾಂತವಾಗಿ ಸಾಯಗೊಡಿಸಿರೆಂದು ಬೇಡಿದಳು. ದಾದಿಯರೂ ವೈದ್ಯರೂ ಇದನ್ನು ವಿರೋಧಿಸಿ, ಇವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಅಂದರು. ೨೦೧೧ರ ಮಾರ್ಚ್ ೭ರಂದು ಕೋರ್ಟು ತೀರ್ಪು ಕೊಟ್ಟಿತು. ಇಷ್ಟು ವರುಷ ಅವಳ ಪರವಾಗಿ ನಿಂತವರು ಆಸ್ಪತ್ರೆಯವರೇ ಆದದರಿಂದ ಅವಳ ಪರವಾಗಿ ಮಾತಾಡುವ ಹಕ್ಕು ಅವರದೆಂದು ಹೇಳಿ, ಅರ್ಜಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಆಶೆಯಿಲ್ಲದ ರೋಗಿಗೆ ಜೀವಾಧಾರದ ಚಿಕಿತ್ಸೆಯನ್ನು ಹೈಕೋರ್ಟಿನ ಅಪ್ಪಣೆಯಿಂದ ನಿಲ್ಲಿಸಬಹುದೆಂಬ ಮಾರ್ಗವನ್ನೂ ಮೊದಲನೆಯ ಸಾರಿ ತೆರೆಯಿತು. ಅಪ್ಪಣೆಯನ್ನು ಕಡ್ಡಾಯ ಮಾಡಿದ್ದಕ್ಕೆ ಕಾರಣವನ್ನೂ ಹೇಳಿತು: ರೋಗಿಯ ಆಸ್ತಿಯನ್ನು ನುಂಗಬೇಕೆನ್ನುವ ಬಂಧುಗಳು ಇದನ್ನು ದುರುಪಯೋಗ ಮಾಡಿಕೊಂಡಾರೆಂಬ ಭಯ. ಅರುಣಾಳು ೨೦೧೫ರ ಮೇ ೧೮ರಂದು ನ್ಯುಮೋನಿಯಾದಿಂದ ತೀರಿಹೋದಳು. ೪೧ ವರುಷಕ್ಕೂ ಹೆಚ್ಚು ಕಾಲ ಅವಳ ಸೇವೆ ನಡೆದಿತ್ತು. ಅವಳ ಹೆಸರಿನಿಂದ ತೆರೆದ ದಾರಿಯಲ್ಲಿ ಅವಳೇ ನಡೆಯಲಿಲ್ಲ.

ಲೇಖಕಿಯು ಕಠಿಣಳೆಂದೂ ದಾದಿಯರು ಮಾತ್ರ ಕರುಣೆಯುಳ್ಳವರೆಂದೂ ನಾವು ಹೇಳುವದಿಲ್ಲ. ಇಬ್ಬರೂ ಕರುಣೆಯಿಂದಲೇ ಮಾತಾಡಿದರು. ಆದರೆ ಮಲಮೂತ್ರ ತೊಳೆದವರ ಮಾತಿಗೆ ಹೆಚ್ಚು ತೂಕವೆಂದು ಕೋರ್ಟು ಎಣಿಸಿದ್ದು ನಮಗೆ ನ್ಯಾಯವಾಗಿ ತೋರುತ್ತದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಇದಕ್ಕೆ ವಿಪರೀತವಾಗಿ ನಡೆಯುತ್ತದಲ್ಲವೋ? ವರುಷಗಟ್ಟಲೆ ಸೇವೆ ಮಾಡಿದ ಸೊಸೆಯು ಮೂಲೆಯಲ್ಲಿ ನಿಂತಿರುವಳು. ಎರಡು ವರುಷಕ್ಕೊಮ್ಮೆ ಬೆಂಗಳೂರಿನಿಂದಲೋ ದುಬಾಯಿಯಿಂದಲೋ ಬರುವ ಮಗನು ಕಡೇ ದಿವಸ ಬಂದು, ಎಷ್ಟು ಹಣವಾದರೂ ಆಗಲಿ, ಎಲ್ಲವನ್ನೂ ಮಾಡಿರೆಂದು ವೈದ್ಯರ ಮುಂದೆ ಕೂಗುವನು. ಬಾರದೆ ಇದ್ದದ್ದರ ದುಃಖವು ಅವನ ಬಾಯಿಂದ ಹಾಗೆ ಮಾತಾಡಿಸುತ್ತದೆ. ಅದನ್ನು ಅರ್ಥಮಾಡಿಕೊಳ್ಳಬಹುದು, ಆದರೆ ತೀರ್ಮಾನವನ್ನು ಅದಕ್ಕೆ ಒಪ್ಪಿಸಬಾರದು.

ಕಾನೂನಿನ ಮುಂದಿನ ಸಂಗತಿಯನ್ನು ಬೇಗನೆ ಹೇಳಿಬಿಡುತ್ತೇವೆ. ೨೦೧೮ರ ಮಾರ್ಚ್ ೯ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧಿಪತಿಗಳು, ಮರ್ಯಾದೆಯಿಂದ ಸಾಯುವದು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ತೀರ್ಮಾನಿಸಿ, ಸ್ವಸ್ಥಬುದ್ಧಿಯಿರುವಾಗಲೇ ಒಬ್ಬನು ತನಗೆ ಎಂಥ ಚಿಕಿತ್ಸೆ ಬೇಡವೆಂದು ಬರೆದಿಡಬಹುದೆಂದರು. ಆ ಕ್ರಮವು ಬಹಳ ತೊಡಕಾಗಿದ್ದದರಿಂದ ೨೦೨೩ರ ಜನವರಿಯಲ್ಲಿ ಅದನ್ನು ಸುಲಭಮಾಡಿದರು. ಕರ್ನಾಟಕ ಸರಕಾರದ ಆರೋಗ್ಯ ಇಲಾಖೆಯು ೨೦೨೫ರ ಜನವರಿಯಲ್ಲಿ ಇದನ್ನು ನಡಿಸಬೇಕೆಂದು ಆಜ್ಞೆ ಹೊರಡಿಸಿತು. ಸುಲಭಮಾಡಿದ ಕ್ರಮದ ಪ್ರಕಾರ ಚಿಕಿತ್ಸೆ ಮಾಡುವ ವೈದ್ಯರೂ ಇನ್ನಿಬ್ಬರು ಅನುಭವಸ್ಥರೂ ಸೇರಿದ ಮಂಡಲಿಯೊಂದು ರೋಗಿಗೆ ಆಶೆಯಿಲ್ಲವೆಂದು ಹೇಳಬೇಕು. ಅದನ್ನು ಜಿಲ್ಲೆಯ ವೈದ್ಯಾಧಿಕಾರಿಯು ನೇಮಿಸಿದವರಿರುವ ಎರಡನೆಯ ಮಂಡಲಿಯು ಪರೀಕ್ಷಿಸಿ ಒಪ್ಪಬೇಕು. ಹತ್ತಿರದ ಬಂಧುಗಳ ಸಮ್ಮತಿಯೂ ಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟು ಬೇಲಿಗಳು ಏಕೆಂದು ಕೇಳುವಿರಾದರೆ, ನಿಮ್ಮ ಊರಿನಲ್ಲಿ ಮಕ್ಕಳಿಲ್ಲದ ವಿಧವೆಯ ಹೊಲದ ಮೇಲೆ ಎಷ್ಟು ಮಂದಿಯ ಕಣ್ಣಿದೆ ಎಂಬದನ್ನು ನೆನಸಿಕೊಳ್ಳಿರಿ. ಕುಂಟರೂ ಕುರುಡರೂ ಬುದ್ಧಿಮಂದರೂ ಮನೆಗೆ ಹೊರೆ ಎಂದು ಎಣಿಸುವ ಜನರು ನಮ್ಮಲ್ಲಿ ಇಲ್ಲವೋ? ಅಂಥವರ ಕೈಗೆ ಈ ಮಾರ್ಗವು ಬೇಲಿಯಿಲ್ಲದೆ ಸಿಕ್ಕಬಾರದು.

ಆದರೆ, ವಾಚಕರೇ, ಈ ಮಂಡಲಿಗಳೂ ತೀರ್ಪುಗಳೂ ಒಂದು ಕಡೆ ಇರಲಿ. ಹಳ್ಳಿಯವರಲ್ಲಿ ನಿತ್ಯವೂ ನಡೆಯುವದೇ ಬೇರೆ. ಹಣ ತೀರಿದ ದಿವಸ ಬಂಧುಗಳು, ವೈದ್ಯರ ಸಲಹೆಗೆ ವಿರೋಧವಾಗಿ ನಾವೇ ರೋಗಿಯನ್ನು ಬಿಡಿಸಿಕೊಂಡು ಹೋಗುತ್ತೇವೆಂಬ ಕಾಗದಕ್ಕೆ ರುಜು ಹಾಕುತ್ತಾರೆ. ಅನೇಕ ಸಾರಿ ಆ ಸಲಹೆಯೇ ವೈದ್ಯರದಾಗಿರುತ್ತದೆ. ಕಾನೂನಿಗೆ ಅಂಜಿ ಅದನ್ನು ಬಂಧುಗಳ ಹೆಸರಿನಲ್ಲಿ ಬರೆಸುತ್ತಾರೆ. ಕೊಳವೆಯನ್ನು ಕಿತ್ತು, ಬಾಡಿಗೆಯ ವಾಹನದಲ್ಲಿ ರೋಗಿಯನ್ನು ಮಲಗಿಸಿ, ಊರು ಮುಟ್ಟುವ ತನಕ ಜೀವವಿದ್ದರೆ ಸಾಕೆಂದು ಓಡಿಸುತ್ತಾರೆ. ಮನೆಗೆ ಬಂದವನಿಗೆ ನೋವಿನ ಔಷಧವಿಲ್ಲ, ಉಬ್ಬಸಕ್ಕೆ ಉಪಶಮನವಿಲ್ಲ, ಏನು ಮಾಡಬೇಕೆಂದು ಹೇಳಿಕೊಡುವವರಿಲ್ಲ. ಅವನು ಎರಡು ದಿನ ಏದುಸಿರು ಬಿಡುತ್ತಾ ಒದ್ದಾಡುವದನ್ನು ಮಕ್ಕಳುಮರಿಗಳು ನೋಡುತ್ತಾ ಕೂತಿರುತ್ತಾರೆ. ಇಲ್ಲಿ ತೀರ್ಮಾನ ಮಾಡಿದವರು ಯಾರು? ಮಂಡಲಿಯಲ್ಲ, ಮನಸ್ಸಾಕ್ಷಿಯೂ ಅಲ್ಲ; ಹಣದ ಚೀಲವೇ. ನಮ್ಮ ಅಭಿಪ್ರಾಯದಲ್ಲಿ ಪಾಪವಿರುವದು ಇಲ್ಲಿಯೇ. ಯಂತ್ರವನ್ನು ತೆಗೆದದ್ದರಲ್ಲಿ ಅಲ್ಲ, ಯಂತ್ರದೊಂದಿಗೆ ಮನುಷ್ಯನನ್ನೂ ಕೈಬಿಟ್ಟದ್ದರಲ್ಲಿ. ಈ ಪಾಪವು ಬಡಮಗನ ತಲೆಯ ಮೇಲೆ ಮಾತ್ರ ಬೀಳತಕ್ಕದ್ದಲ್ಲ. ಮನೆಗೆ ಕಳುಹಿಸಿದ ಆಸ್ಪತ್ರೆಗೂ, ಏರ್ಪಾಡು ಮಾಡದ ಸರಕಾರಕ್ಕೂ, ಆಚೆಬೀದಿಯಲ್ಲಿದ್ದು ಇಣಿಕಿನೋಡದ ನಮಗೂ ಅದರಲ್ಲಿ ಪಾಲುಂಟು.

ಚಿಕಿತ್ಸೆ ಮುಗಿದರೂ ಶುಶ್ರೂಷೆ ಮುಗಿಯುವದಿಲ್ಲವೆಂಬದನ್ನು ತೋರಿಸಿಕೊಟ್ಟವರಿದ್ದಾರೆ. ಲಂಡನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬವರು ಮೊದಲು ದಾದಿಯಾಗಿದ್ದು, ಸಾಯುವವರ ನೋವಿಗೆ ಯಾರೂ ಕಿವಿಗೊಡದ್ದನ್ನು ನೋಡಿ, ನಡುವಯಸ್ಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಮವನ್ನು ತೆರೆದರು. ನೋವು ಬಂದ ಮೇಲೆ ಔಷಧ ಕೊಡುವದಲ್ಲ, ಬರುವ ಮೊದಲೇ ಹೊತ್ತುಹೊತ್ತಿಗೆ ಕೊಡಬೇಕೆಂಬದು ಅವರು ಕಲಿಸಿದ ಮುಖ್ಯ ಪಾಠ. ನಮ್ಮ ನೆರೆಯ ಕೇರಳದ ಕೋಳಿಕೋಡಿನಲ್ಲಿ ೧೯೯೩ರಿಂದ ನಡೆದ ಕೆಲಸವು ಊರೂರಿಗೆ ಹಬ್ಬಿ, ನೆರೆಹೊರೆಯವರೇ ತರಬೇತು ಹೊಂದಿ ದಾದಿಯರ ಸಂಗಡ ಮನೆಮನೆಗೆ ಹೋಗುವ ಪದ್ಧತಿಯಾಯಿತು. ೨೦೦೮ರಲ್ಲಿ ಆ ಸರಕಾರವು ಅದನ್ನು ತನ್ನ ಧೋರಣೆಯಾಗಿಯೇ ಮಾಡಿಕೊಂಡಿತು. ಬೆಂಗಳೂರಿನ ಕರುಣಾಶ್ರಯವು ೧೯೯೯ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ತಕ್ಕೊಳ್ಳದೆ ನೋಡಿಕೊಳ್ಳುತ್ತಾ ಬಂದಿದೆ.

ಮಾರ್ಫಿನ್ ಎಂಬ ಔಷಧದ ವಿಷಯವಾಗಿ ಒಂದು ಮಾತು. ಅದು ಅಫೀಮಿನಿಂದ ತೆಗೆಯುವಂಥದು. ಅಫೀಮು ನಮ್ಮ ದೇಶದ ಹೊಲಗಳಲ್ಲಿಯೇ ಸರಕಾರದ ಅಪ್ಪಣೆಯಿಂದ ಬೆಳೆಯುತ್ತದೆ. ಆದಾಗ್ಯೂ ೧೯೮೫ರ ಮಾದಕ ಪದಾರ್ಥಗಳ ಕಾನೂನಿನ ಕಟ್ಟುನಿಟ್ಟಿಗೆ ಅಂಜಿ ಅನೇಕ ಆಸ್ಪತ್ರೆಗಳೂ ಅಂಗಡಿಗಳೂ ಅದನ್ನು ಇಡುವದನ್ನೇ ಬಿಟ್ಟವು. ನಮ್ಮ ಮಣ್ಣಿನಲ್ಲಿ ಬೆಳೆದ ಔಷಧವು ನಮ್ಮ ನೋವಿಗೆ ಸಿಕ್ಕದೆ ಹೋಯಿತು. ೨೦೧೪ರಲ್ಲಿ ಕಾನೂನನ್ನು ತಿದ್ದಿ ದಾರಿಯನ್ನು ಸಡಲಿಸಿದ್ದಾರೆ. ಆದರೂ ಹಳ್ಳಿಯವನು ಕೇಳದೆ ಅದು ತಾನಾಗಿ ಬರುವದಿಲ್ಲ. ಮಾರ್ಫಿನ್ ಕೊಟ್ಟರೆ ಬೇಗ ಸಾಯಿಸಿದ ಹಾಗೆ ಎಂದು ಅಂಜುವವರಿದ್ದಾರೆ. ಅಳತೆಯರಿತ ವೈದ್ಯರು ಕೊಟ್ಟರೆ ಅದು ನೋವನ್ನೂ ಉಬ್ಬಸವನ್ನೂ ಇಳಿಸುವದೇ ಹೊರತು ಕೊಲ್ಲುವದಿಲ್ಲ.

ಜೀವವು ದೇವರ ದಾನವಾಗಿರಲಾಗಿ ಕೊನೆಯ ಉಸಿರಿನ ತನಕ ಹೋರಾಡುವದೇ ಭಕ್ತಿಯಲ್ಲವೋ ಎಂದು ನಮ್ಮ ಸಭೆಗಳ ಹಿರಿಯರು ಕೇಳುವದುಂಟು. ದಾನವೆಂದು ಒಪ್ಪಿದವನು ದಾನಿಯು ತಿರಿಗಿ ಕೇಳುವಾಗ ಮುಷ್ಟಿ ಬಿಗಿಹಿಡಿಯುವದು ಯಾವ ಭಕ್ತಿ ಎಂದು ನಾವೂ ಕೇಳಬಹುದು. ಪುನರುತ್ಥಾನವನ್ನು ನಂಬುವವರ ಮನೆಯಲ್ಲಿ, ನಂಬದವರ ಮನೆಗಿಂತ ಮರಣಕ್ಕೆ ಹೆಚ್ಚು ಅಂಜಿಕೆ ಇರುವದಾದರೆ ಅದು ಆಶ್ಚರ್ಯವೇ. ಆದರೆ ಈ ಮಾತನ್ನು ಅಳುತ್ತಿರುವ ಮಗನ ಮುಂದೆ ಯಾರೂ ಉಪದೇಶವಾಗಿ ಹೇಳಬಾರದು. ಅದಕ್ಕೆ ಹೊತ್ತು ಬೇರೆ.

ಆ ಹೊತ್ತು ಯಾವದೆಂದರೆ, ಎಲ್ಲರೂ ಕ್ಷೇಮವಾಗಿರುವಾಗಲೇ. ಆಸ್ಪತ್ರೆಯ ಬಾಗಿಲಲ್ಲಿ ಮಗನನ್ನು ಹಿಂಡುವದು, ತಂದೆಯ ಮನಸ್ಸೇನೆಂದು ಅವನಿಗೆ ತಿಳಿಯದೆ ಇರುವದೇ. ಸಾವಿನ ಮಾತೆತ್ತಿದರೆ ಅಪಶಕುನವೆಂಬ ಹಳೇ ಅಂಜಿಕೆಯನ್ನು ನಾವು ಮತ ಬಿಟ್ಟಾಗ ಬಿಟ್ಟುಬಂದೆವೆಂದು ಹೇಳುತ್ತೇವೆ, ನಿಜವಾಗಿ ಬಿಟ್ಟಿದ್ದೇವೋ? ಹೊಲವನ್ನು ಯಾರಿಗೆಂದು ಬರೆದಿಡುವ ಹಿರಿಯನು, ನನಗೆ ಬುದ್ಧಿ ತಪ್ಪಿ ಗುಣವಾಗುವ ಆಶೆ ಇಲ್ಲದೆ ಹೋದರೆ ಯಂತ್ರ ಬೇಡ, ಮನೆಗೆ ತನ್ನಿರಿ, ನೋವಿಲ್ಲದಂತೆ ನೋಡಿಕೊಳ್ಳಿರಿ ಎಂಬದನ್ನೂ ಬರೆದಿಡಬಹುದು. ಇಲ್ಲವೆ, ಎಲ್ಲ ಪ್ರಯತ್ನವನ್ನೂ ಮಾಡಿರೆಂದೂ ಬರೆಯಬಹುದು. ಅದೂ ಅವನ ಇಷ್ಟವೇ. ಹಾಗೆ ಬರೆದವನ ಮಗನಿಗೆ ರುಜು ಹಾಕುವಾಗ ಕೈ ನಡುಗಿದರೂ ಮನಸ್ಸು ನಡುಗದು.

ಆ ಕಾಗದಕ್ಕೆ ವಕೀಲರ ದೊಡ್ಡ ಖರ್ಚು ಬೇಕಾಗಿಲ್ಲ. ವಯಸ್ಸಿಗೆ ಬಂದ, ಸ್ವಸ್ಥಬುದ್ಧಿಯ ಯಾವನಾದರೂ ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆದು, ತನ್ನ ಪರವಾಗಿ ಮಾತಾಡತಕ್ಕ ಹತ್ತಿರದವರ ಹೆಸರುಗಳನ್ನು ಅದರಲ್ಲಿ ಕಾಣಿಸಿ, ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ನೋಟರಿಯ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢಪಡಿಸಬೇಕು. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದವರಾಗಿದ್ದರೆ ಉತ್ತಮ. ಒಂದು ಪ್ರತಿಯು ಹೆಸರಿಸಲ್ಪಟ್ಟವರ ಬಳಿಯಲ್ಲಿರಲಿ, ಮತ್ತೊಂದು ಮನೆಯ ವೈದ್ಯರ ಬಳಿಯಲ್ಲಿರಲಿ. ಪೆಟ್ಟಿಗೆಯ ತಳದಲ್ಲಿ ಬೀಗ ಹಾಕಿ ಇಡಬೇಡಿರಿ, ಸತ್ತ ಮೇಲೆ ಸಿಕ್ಕಿದರೆ ಪ್ರಯೋಜನವಿಲ್ಲ. ಬರೆದವನು ತಾನೇ ಮಾತಾಡಬಲ್ಲವನಾಗಿರುವ ತನಕ ಅವನ ಬಾಯಿಮಾತೇ ನಡೆಯುವದು, ಕಾಗದವಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಅದನ್ನು ಬರವಣಿಗೆಯಿಂದ ರದ್ದುಮಾಡಬಹುದು.